ಬಳ್ಳಾರಿ, ರಾಯಚೂರು, ಕೊಪ್ಪಳದ ಸಂಸದರಿಗೆ: 1978ರ ಆ ಒಂದು ಸೆಕ್ಷನ್ ಯಾಕ ಇನ್ನೂ ಜಾರಿ ಆಗಿಲ್ಲ ಅಂತ ಒಂದ್ಸಲ ಕೇಳ್ರಿ

ಮಾನ್ಯ ಸಂಸದರೇ, ಮೂರೂ ಮಂದಿಗೆ ನಮಸ್ಕಾರ್ರಿ.

ಮೂವರಿಗೂ ಸೇರಿಸಿ ಒಂದೇ ಪತ್ರ ಬರೀತಿದೀನಿ, ಯಾಕಂದ್ರ ಕೇಳೋದು ಒಂದೇ ಐತಿ. ರೈಲು ಬೇಕು, ಏಮ್ಸ್ ಬೇಕು, ಟಿಬಿ ಡ್ಯಾಮಿನ ಗೇಟು ಯಾವಾಗ ಬದ್ಲಿ ಮಾಡ್ತೀರಿ ಅಂತ ನಿಮಗ ದಿನಾ ಪತ್ರ ಬರ್ತಾವು, ಬರ್ಲಿ, ಅವೂ ಬೇಕಾಗಿದ್ದೇ. ಇದು ಬೇರೆ. 1978ರಾಗ ಪಾರ್ಲಿಮೆಂಟ್ ಪಾಸ್ ಮಾಡಿದ ಸಂವಿಧಾನದ 44ನೇ ತಿದ್ದುಪಡಿಯೊಳಗ 3ನೇ ಸೆಕ್ಷನ್ ಅಂತ ಒಂದೈತಿ, ವಿಚಾರಣೆ ಇಲ್ದ ಮಂದೀನ ಒಳಗ ಇಡೋ ಸರ್ಕಾರದ ಪವರಿಗೆ ಕಡಿವಾಣ ಹಾಕೋದು ಅದು, ಎರಡೂ ಸದನದಾಗ ಪಾಸ್ ಆಗಿ 1979ರ ಏಪ್ರಿಲ್ 30ಕ್ಕ ರಾಷ್ಟ್ರಪತಿಗಳ ಅಂಕಿತನೂ ಬಿದ್ದೈತಿ, ಆದ್ರ ಅದು ಇವತ್ತಿಗೂ ಜಾರಿ ಆಗಿಲ್ಲ. ಇಂಥಾ ದಿನದಿಂದ ಜಾರಿ ಅಂತ ಕೇಂದ್ರ ಸರ್ಕಾರ ಒಂದು ನೋಟಿಫಿಕೇಶನ್ ಹೊರಡಿಸಬೇಕಿತ್ತು. ಅದೊಂದು ಹೊರಡಿಸ್ಲಿಲ್ಲ. ಜನತಾ ಸರ್ಕಾರ ಹೋತು, ಕಾಂಗ್ರೆಸ್ ಬಂತು, ವಿ.ಪಿ. ಸಿಂಗ್ ಬಂದ್ರು, ದೇವೇಗೌಡ್ರು ಬಂದ್ರು, ವಾಜಪೇಯಿ ಬಂದ್ರು, ಮನಮೋಹನ್ ಸಿಂಗ್ ಬಂದ್ರು, ಮೋದಿ ಬಂದ್ರು, ಯಾರೂ ಆ ಫೈಲ್ ಮುಟ್ಲಿಲ್ಲ. ಹಿಂಗಾಗಿ ಇದನ್ನ ಒಂದು ಪಾರ್ಟಿ ಮ್ಯಾಲಿನ ಸಿಟ್ಟಿನ ಪತ್ರ ಅಂತ ಓದಬ್ಯಾಡ್ರಿ.

ನಾನು ಬಳ್ಳಾರಿ ಕೋರ್ಟಿನಾಗ ವಕೀಲಿ ಮಾಡೋನು. ಚೆಕ್ ಬೌನ್ಸು, ಹೊಲದ ಬಾಂದಿನ ಜಗಳ, ಆಕ್ಸಿಡೆಂಟ್ ಕ್ಲೇಮು, ಇಷ್ಟೇ ನನ್ನ ಪ್ರಾಕ್ಟೀಸು. ದೊಡ್ಡ ದೊಡ್ಡ ಸಂವಿಧಾನದ ಕೇಸ್ ನಡೆಸಿದೋನಲ್ಲ, ಓದೋ ಚಟ ಮಾತ್ರ ಐತಿ.

ಈಗ್ಯಾಕ ಇದು ಅಂತ ಕೇಳ್ಬಹುದು. 2025ರ ಮೇ ತಿಂಗಳು ನೆನಪು ಮಾಡ್ಕೊಳ್ರಿ. ಏಪ್ರಿಲ್ 22ಕ್ಕ ಪಹಲ್ಗಾಮಿನಾಗ ಅಮಾಯಕರನ್ನ ಕೊಂದ್ರು, ಮೇ 7ಕ್ಕ ಆಪರೇಷನ್ ಸಿಂಧೂರ ಸುರು ಆತು, ದೇಶದ ತುಂಬ ಸಿವಿಲ್ ಡಿಫೆನ್ಸ್ ಮಾಕ್ ಡ್ರಿಲ್ ಅಂದ್ರು, ಆ ಪಟ್ಟಿಯಾಗ ನಮ್ಮ ರಾಯಚೂರಿನ ಹೆಸರೂ ಇತ್ತು. ಶಕ್ತಿನಗರದ ಥರ್ಮಲ್ ಪ್ಲಾಂಟ್ ಇರೋ ಊರಲ್ಲೇನ್ರಿ, ಇರ್ಬೇಕಾಗಿದ್ದೇ. ಆ ನಾಲ್ಕು ದಿನ ನಮ್ಮ ವಾಟ್ಸಾಪ್ ಗ್ರೂಪುಗಳನ್ನ ನೋಡ್ಬೇಕಿತ್ತು. ತೋರಣಗಲ್ಲಿನ ಸ್ಟೀಲ್ ಫ್ಯಾಕ್ಟರಿ ಮ್ಯಾಲೆ ಡ್ರೋನ್ ಕಂಡ್ವು ಅಂತ ಒಬ್ಬ, ಡ್ಯಾಮಿಗೆ ಮಿಲಿಟರಿ ಬಂತು ಅಂತ ಇನ್ನೊಬ್ಬ, ಇವನ್ನೆಲ್ಲ ಫಾರ್ವರ್ಡ್ ಮಾಡಿದ ಮಹಾನುಭಾವರೇ ಮರುದಿನ "ಹಂಗ ಬರೆಯೋರನ್ನ ಕೇಸಿಲ್ದ ಒಳಗ ಹಾಕ್ಬೇಕು" ಅಂತ ಬರೆದ್ರು. ನಗು ಬಂತು, ಆದ್ರ ಕೇಸಿಲ್ದ ಒಳಗ ಹಾಕೋದು ಬರೀ ಗ್ರೂಪಿನ ಮಾತಲ್ಲ. ಅಸ್ಸಾಮಿನಾಗ ಅಮಿನುಲ್ ಇಸ್ಲಾಂ ಅಂತ ಒಬ್ಬ ಶಾಸಕರನ್ನ ಪಹಲ್ಗಾಮ್ ಬಗ್ಗೆ ಆಡಿದ ಮಾತಿಗೆ ಅರೆಸ್ಟ್ ಮಾಡಿದ್ರು, ಕೋರ್ಟು ಬೇಲ್ ಕೊಡ್ತು, ಬೇಲ್ ಸಿಕ್ಕ ಕೂಡ್ಲೇ ಎನ್‌ಎಸ್‌ಎ ಅಂದ್ರ ರಾಷ್ಟ್ರೀಯ ಭದ್ರತಾ ಕಾಯ್ದೆ ಹಾಕಿ ಮತ್ತ ಒಳಗ ಇಟ್ರು. ಆ ಮಾತು ನನಗೂ ಹಿಡಿಸಿಲ್ಲ, ಕೆಟ್ಟ ಮಾತೇ. ಆದ್ರ ಜಡ್ಜ್ ಬಿಟ್ಟ ಮನುಷ್ಯಾನ್ನ ಅಧಿಕಾರಿಯ ಒಂದು ಸಹಿ ಮತ್ತ ಒಳಗ ಕೂರಿಸ್ತೈತಿ ಅನ್ನೋದನ್ನ ನೋಡ್ರಿ, ನಾನು ಬರೀತಿರೋದು ಆ ಸಹಿ ಬಗ್ಗೆ.

ಯುದ್ಧ ಅಂದ ಮ್ಯಾಲೆ ಸರ್ಕಾರದ ಕೈಯಾಗ ಒಂದಿಷ್ಟು ಹೆಚ್ಚಿನ ಪವರ್ ಬೇಕು, ಇದನ್ನ ನಾನು ಒಪ್ತೀನಿ. ರೈಲ್ವೆ ಬ್ರಿಡ್ಜ್ ಕೆಳಗ ಸ್ಫೋಟಕ ಇಡೋಕ ಹೊಂಟೋನು ಇಟ್ಟ ಮ್ಯಾಲೇ ಹಿಡೀತೀವಿ ಅಂತ ಯಾವ ಸರ್ಕಾರನೂ ಕೂಡಂಗಿಲ್ಲ. ನನ್ನ ತಕರಾರು ಏನಂದ್ರ ನಮ್ಮ ದೇಶದಾಗ ಯುದ್ಧ ಮುಗಿದ್ರೂ ಯುದ್ಧದ ಪವರ್ ಮುಗಿಯಂಗಿಲ್ಲ, ಪ್ರತಿ ಸಲನೂ ಹಂಗೇ ಆಗೈತಿ.

1962 ತಗೊಳ್ರಿ. ಚೀನಾ ಜೊತಿ ಯುದ್ಧ ಅಕ್ಟೋಬರ್ 20ಕ್ಕ ಸುರು ಆಗಿ ನವೆಂಬರ್ 21ಕ್ಕ ನಿಂತುಹೋತು, ಒಂದು ತಿಂಗಳು. ಅಕ್ಟೋಬರ್ 26ಕ್ಕ ಎಮರ್ಜೆನ್ಸಿ ಘೋಷಣೆ ಮಾಡಿದ್ರಲ್ಲ, ಅದನ್ನ ವಾಪಸ್ ತಗೊಂಡಿದ್ದು ಯಾವಾಗ ಗೊತ್ತೇನ್ರಿ, 1968ರ ಜನವರಿ 10ಕ್ಕ! ಒಂದು ತಿಂಗಳ ಯುದ್ಧಕ್ಕ ಐದು ವರ್ಷದ ಮ್ಯಾಲೆ ಎಮರ್ಜೆನ್ಸಿ, ಅಷ್ಟೂ ದಿನ ಡಿಫೆನ್ಸ್ ಆಫ್ ಇಂಡಿಯಾ ರೂಲ್ಸ್, ಅದನ್ನ ಡಿಐಆರ್ ಅಂತಿದ್ರು. ಅದರ 30ನೇ ರೂಲ್ ಪ್ರಕಾರ ಯಾರನ್ನ ಬೇಕಾದ್ರೂ ವಿಚಾರಣೆ ಇಲ್ದ ಒಳಗ ಇಡಬಹುದಿತ್ತು, ಇಲ್ಲಾ ಈ ಊರು ಬಿಟ್ಟು ಹೋಗು, ಈ ಊರಾಗೇ ಇರು, ದಿನಾ ಸ್ಟೇಷನ್ನಿಗೆ ಬಂದು ಮುಖ ತೋರಿಸು ಅಂತ ಕಟ್ಟಿಹಾಕಬಹುದಿತ್ತು.

ಆ ಹೊತ್ತಿನಾಗ ಅತಿ ಹೆಚ್ಚು ಪೆಟ್ಟು ತಿಂದೋರು ಚೀನಾದ ಸೈನಿಕರಲ್ರಿ, ಅಸ್ಸಾಂ, ಡಾರ್ಜಿಲಿಂಗ್ ಕಡೆ ತಲೆತಲಾಂತರದಿಂದ ಇದ್ದ ಚೀನೀ ಮೂಲದ ಮಂದಿ. ಟೀ ತೋಟದಾಗ ಬಡಗಿ ಕೆಲಸ ಮಾಡೋರು, ಚಪ್ಪಲಿ ಅಂಗಡಿ ಇಟ್ಟೋರು, ಹೋಟೆಲ್ ನಡೆಸೋರು. ಸುಮಾರು 3,000 ಮಂದೀನ ರೈಲಿಗೆ ತುಂಬಿ ರಾಜಸ್ಥಾನದ ದೇವಳಿ ಕ್ಯಾಂಪಿಗೆ ಸಾಗಿಸಿದ್ರು. ಕೂಸುಗಳು, ಮುದುಕರು, ಬಸುರಿಯರು, ಎಲ್ಲಾರೂ. ಅಸ್ಸಾಮಿನ ಮಳಿ ಬಿಟ್ಟು ರಾಜಸ್ಥಾನದ ಬಿಸಿಲಿಗೆ, ಅದೆಂಥಾ ಬಿಸಿಲಂತ ನಮ್ಮ ಬಳ್ಳಾರಿಯವರಿಗೆ ಬಿಡಿಸಿ ಹೇಳೋದೇನು ಬ್ಯಾಡ. ಅವರೊಳಗ ಭಾರತದ ಪೌರರೂ ಇದ್ರು, ಅಂಥೋರನ್ನೂ ಒಳಗ ಇಡಾಕ ಅನುಕೂಲ ಆಗ್ಲಿ ಅಂತಲೇ ಆ ವರ್ಷ ವಿದೇಶಿಯರ ಕಾನೂನು ತಿದ್ದಿದ್ರು. ಒಬ್ಬರ ಮ್ಯಾಲೂ ಬೇಹುಗಾರಿಕೆ ಕೇಸು ಸಾಬೀತಾಗ್ಲಿಲ್ಲ. ಕೆಲವರು 1967ರ ತನಕ ಅಲ್ಲೇ ಇದ್ರು, ಎಷ್ಟೋ ಮಂದೀನ ಹಡಗಿಗೆ ಹತ್ತಿಸಿ ತಾವು ಕಾಣದೇ ಇರೋ ಚೀನಾಕ್ಕ ಕಳಿಸಿದ್ರು, ತಿರುಗಿ ಬಂದೋರಿಗೆ ಮನಿ ಇಲ್ಲ ಅಂಗಡಿ ಇಲ್ಲ, ಶತ್ರು ಆಸ್ತಿ ಅಂತ ಹರಾಜಾಗಿತ್ತು. ಕ್ಯಾಂಪಿಗೆ ಹೋಗದೇ ಉಳಿದೋರು 24 ತಾಸಿನ ಮ್ಯಾಲೆ ಊರು ಬಿಟ್ಟಿರಬೇಕಂದ್ರ ಪರ್ಮಿಷನ್ ತಗೊಬೇಕಿತ್ತು. ಅಮೆರಿಕದವರು 1942ರಾಗ ಜಪಾನಿ ಮೂಲದ ಸುಮಾರು 1,20,000 ಮಂದೀನ ಹಿಂಗೇ ಕ್ಯಾಂಪಿಗೆ ಹಾಕಿದ್ರು, ಆದ್ರ 1988ರಾಗ ಕಾನೂನು ಮಾಡಿ ತಪ್ಪಾತು ಅಂದು ಬದುಕಿದ್ದೋರಿಗೆ ತಲಾ 20,000 ಡಾಲರ್ ಕೊಟ್ರು. ನಮ್ಮ ಸರ್ಕಾರ ತಪ್ಪಾತು ಅಂತ ಒಂದು ಮಾತು ಕೂಡ ಅಂದಿಲ್ಲ.

ದೇವಳಿ ಎಲ್ಲೋ ದೂರದ್ದು ಅನ್ನಬ್ಯಾಡ್ರಿ. ರಾಯಚೂರು ಸಂಸದರು ಸಿಂಧನೂರಿನ ಆರ್‌ಎಚ್ ಕ್ಯಾಂಪುಗಳನ್ನ ನೋಡೇ ನೋಡಿರ್ತಾರ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಮಂದೀನ ಸರ್ಕಾರನೇ ಕರ್ಕೊಂಬಂದು ಕೂರಿಸಿದ್ದು ಅಲ್ಲಿ. ಮನ್ಯಾಗ ಬಂಗಾಳಿ, ಸಂತ್ಯಾಗ ನಮ್ಮ ನಿಮ್ಮಂಗ ಕನ್ನಡ, ಭತ್ತದ ಗದ್ದಿ ಕೆಲಸದಾಗ ಎತ್ತಿದ ಕೈ. ಪ್ರತಿ ಸಲ ಬಾರ್ಡರಿನಾಗ ಗಲಾಟಿ ಆದಾಗ, ಟಿವಿಯವರು ಬಾಂಗ್ಲಾದವರು ಬಾಂಗ್ಲಾದವರು ಅಂತ ಒದರಾಕ ಹತ್ತಿದಾಗ, ಆ ಕ್ಯಾಂಪಿನಿಂದ ಬೆಂಗಳೂರಿಗೆ ಕೂಲಿಗೆ ಹೋದ ಹುಡುಗರು ಆಧಾರ್ ಕಾರ್ಡು ಕಿಸೆದಾಗ ಇಟ್ಕೊಂಡೇ ಮಲಗಬೇಕಾಗ್ತೈತಿ. 1946ರ ಫಾರಿನರ್ಸ್ ಆಕ್ಟಿನಾಗ "ನಾನು ವಿದೇಶಿ ಅಲ್ಲ" ಅಂತ ತೋರಿಸೋ ಭಾರ ಆ ಮನುಷ್ಯನ ತಲಿ ಮ್ಯಾಲೇ ಇತ್ತು, 2025ರ ಹೊಸ ಇಮಿಗ್ರೇಷನ್ ಕಾನೂನಿನಾಗೂ ಅದನ್ನ ಹಂಗೇ ಇಟ್ಟಾರ. ಕೊಲೆ ಕೇಸಿನಾಗೂ ಸಾಬೀತು ಮಾಡಬೇಕಾದೋರು ಸರ್ಕಾರದವರು, ಇಲ್ಲಿ ಮಾತ್ರ ಉಲ್ಟಾ.

1971ಕ್ಕ ಬರೋಣ. ಪಾಕಿಸ್ತಾನದ ಜೊತಿ ಯುದ್ಧ ಡಿಸೆಂಬರ್ 3ರಿಂದ 16, ಹದಿಮೂರು ದಿನದಾಗ ಗೆದ್ದು ಮುಗಿಸಿದ್ವಿ. ಡಿಸೆಂಬರ್ 3ಕ್ಕ ಎಮರ್ಜೆನ್ಸಿ, ಮರುದಿನವೇ ಡಿಫೆನ್ಸ್ ಆಫ್ ಇಂಡಿಯಾ ಆಕ್ಟ್ ಪಾಸ್, ಒಂದೇ ದಿನದಾಗ! ಇನ್ನು ವಿಚಾರಣೆ ಇಲ್ದ ಒಳಗ ಇಡೋ ಆಂತರಿಕ ಭದ್ರತಾ ಕಾನೂನು, ಮೀಸಾ, ಅದಂತೂ ಆ ವರ್ಷ ಜುಲೈನಾಗೇ ಬಂದಿತ್ತು. ಢಾಕಾದಾಗ ಶರಣಾಗತಿ ಆತು, ಶಿಮ್ಲಾ ಒಪ್ಪಂದ ಆತು, ಯುದ್ಧ ಕೈದಿಗಳನ್ನ ಪಾಕಿಸ್ತಾನಕ್ಕ ವಾಪಸ್ ಕಳಿಸಿದ್ದೂ ಆತು, ಆ ಎಮರ್ಜೆನ್ಸಿ ಮಾತ್ರ ತೆಗೀಲಿಲ್ಲ. ಅದರ ಮ್ಯಾಲೇ 1975ರ ಜೂನ್ 25ಕ್ಕ ಇನ್ನೊಂದು ಎಮರ್ಜೆನ್ಸಿ ಹೇರಿದ್ರು. ಜೂನ್ 25ರದ್ದು ಎಲ್ಲಾರಿಗೂ ಗೊತ್ತು, ಪ್ರತಿ ವರ್ಷ ಭಾಷಣ ಇರ್ತೈತಿ, ಅದಕ್ಕೂ ಮೊದ್ಲೇ ಮೂರೂವರೆ ವರ್ಷದಿಂದ ಒಂದು ಎಮರ್ಜೆನ್ಸಿ ಓಡ್ತಾನೇ ಇತ್ತು ಅನ್ನೋದನ್ನ ಭಾಷಣ ಮಾಡೋರೂ ಮರೆತಾರ. ಎಮರ್ಜೆನ್ಸಿಯ ಅತಿರೇಕಗಳ ತನಿಖೆ ಮಾಡಿದ ಶಾ ಆಯೋಗದ ಲೆಕ್ಕ ನೋಡ್ರಿ, ಮೀಸಾದಾಗ ಒಳಗ ಹೋದೋರು 34,988, ದೇಶ ರಕ್ಷಣಾ ಕಾನೂನಿನಾಗ ಹೋದೋರು 75,818. ಅಂದ್ರ ಪಾಕಿಸ್ತಾನದ ವಿರುದ್ಧ ಅಂತ ಮಾಡಿದ ಕಾನೂನಿನಾಗ ಎಪ್ಪತ್ತೈದು ಸಾವಿರ ನಮ್ಮ ಮಂದೀನೇ ಹಿಡಿದ್ರು, ಅದೂ ಯುದ್ಧ ಮುಗಿದು ಮೂರು ನಾಲ್ಕು ವರ್ಷ ಆದ ಮ್ಯಾಲೆ.

ನಮ್ಮ ಬಳ್ಳಾರಿ ಸೆಂಟ್ರಲ್ ಜೈಲಿನಾಗೂ ಮೀಸಾ ಬಂದಿಗಳಿದ್ರು. ಬೆಂಗಳೂರು ಜೈಲಿನಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ರು. ನಟಿ ಸ್ನೇಹಲತಾ ರೆಡ್ಡಿ ಅವರೂ ಅಲ್ಲೇ ಇದ್ರು, ಅಸ್ತಮಾ ಇತ್ತು, ಔಷಧ ಸರಿ ಸಿಗ್ಲಿಲ್ಲ, ಪೆರೋಲ್ ಮ್ಯಾಲೆ ಬಿಟ್ಟು ಸ್ವಲ್ಪ ದಿನಕ್ಕ 1977ರ ಜನವರಿ 20ಕ್ಕ ತೀರಿಕೊಂಡ್ರು. ಈ ಬಂದಿಗಳ ಅರ್ಜಿ ಕೇಳಲೇಬೇಕು ಅಂದ ಒಂಬತ್ತು ಹೈಕೋರ್ಟುಗಳೊಳಗ ನಮ್ಮ ಕರ್ನಾಟಕ ಹೈಕೋರ್ಟೂ ಒಂದು, ಇದು ನಮ್ಮ ಮಂದಿಗೆ ಅಷ್ಟಾಗಿ ಗೊತ್ತಿಲ್ಲ, ಗೊತ್ತಿರಬೇಕಿತ್ತು. 1976ರ ಏಪ್ರಿಲ್ 28ಕ್ಕ ಸುಪ್ರೀಂ ಕೋರ್ಟ್ ಆ ಒಂಬತ್ತೂ ತೀರ್ಪನ್ನ ನಾಲ್ಕಕ್ಕ ಒಂದರಂತೆ ತಳ್ಳಿಹಾಕ್ತು. ಆ ವಿಚಾರಣೆಯಾಗ ಜಸ್ಟಿಸ್ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನ ನೇರ ಕೇಳಿದ್ರು, ಒಬ್ಬ ಪೊಲೀಸ್ ಸ್ವಂತ ದ್ವೇಷಕ್ಕ ಯಾರನ್ನಾದ್ರೂ ಕೊಂದ್ರೂ ಕೋರ್ಟಿನಾಗ ಪರಿಹಾರ ಇಲ್ಲೇನು ಅಂತ. ಎಮರ್ಜೆನ್ಸಿ ಇರೋತನಕ ಇಲ್ಲ ಅಂದ್ರು ಅವರು. ಖನ್ನಾ ಒಬ್ಬರೇ ಒಪ್ಪಲಿಲ್ಲ, ಅದಕ್ಕ ಸಿಕ್ಕ ಬಹುಮಾನ ಅಂದ್ರ ಚೀಫ್ ಜಸ್ಟಿಸ್ ಆಗೋ ಸರದಿ ಅವರದ್ದಿದ್ರೂ ಅವರಿಗಿಂತ ಕಿರಿಯರನ್ನ ಮಾಡಿದ್ರು, ಅವರು ರಾಜೀನಾಮೆ ಕೊಟ್ಟು ಹೋದ್ರು.

ಹಂಗಂತ ಯುದ್ಧದ ಹೊತ್ತಿನಾಗ ಕೋರ್ಟು ಬಾಗಿಲು ಮುಚ್ಕೊಂಡೇ ಕೂಡಬೇಕು ಅಂತೇನಿಲ್ಲ. 1965ರ ಸೆಪ್ಟೆಂಬರ್ 6ಕ್ಕ ನಮ್ಮ ಸೈನ್ಯ ಲಾಹೋರ್ ಕಡೆ ಗಡಿ ದಾಟ್ತು. ಅದೇ ದಿನ ಸುಪ್ರೀಂ ಕೋರ್ಟು ಒಂದು ಸಣ್ಣ ಕೇಸಿನ ತೀರ್ಪು ಕೊಡ್ತು. ಪ್ರಭಾಕರ ಪಾಂಡುರಂಗ ಸಂಝಗಿರಿ ಅಂತ ಒಬ್ಬರನ್ನ ಡಿಐಆರ್ ಕೆಳಗ ಮುಂಬೈ ಜೈಲಿನಾಗ ಇಟ್ಟಿದ್ರು. ಒಳಗ ಕುಂತು ಆ ಮನುಷ್ಯ ಮಾಡಿದ್ದೇನಂದ್ರ ಅಣುವಿನ ಬಗ್ಗೆ ಮರಾಠಿಯಾಗ ಒಂದು ಸೈನ್ಸ್ ಪುಸ್ತಕ ಬರೆದ್ರು, ಅಚ್ಚಿಗೆ ಕೊಡಾಕ ಹೆಂಡ್ತಿಗೆ ಕಳಿಸ್ರಿ ಅಂದ್ರು. ಸರ್ಕಾರ ಆಗಂಗಿಲ್ಲ ಅಂತು. ಅಣು ಅಂದ ಕೂಡ್ಲೇ ಹೆದರಿದ್ರೋ ಏನೋ. ಕೋರ್ಟು ಅಂತು, ಬಂದಿಯ ಯಾವ ಹಕ್ಕು ತೆಗೀಬೇಕು ಅಂತ ಕಾನೂನಿನಾಗ ಬರೆದಿರ್ತೈತೋ ಅದನ್ನ ಅಷ್ಟೇ ತೆಗೀರಿ, ಪುಸ್ತಕ ಕಳಿಸಬಾರದು ಅಂತ ನಿಮ್ಮ ಕಾನೂನಿನಾಗ ಎಲ್ಲೂ ಇಲ್ಲ, ಕಳಿಸ್ರಿ. ಮರುದಿನ, ಸೆಪ್ಟೆಂಬರ್ 7ಕ್ಕ, ರಾಮಮನೋಹರ ಲೋಹಿಯಾ ಅವರ ಕೇಸು. ಪಾಟ್ನಾದಾಗ ಚಳವಳಿ ಮಾಡಿದ್ದಕ್ಕ ಜಿಲ್ಲಾ ಮ್ಯಾಜಿಸ್ಟ್ರೇಟ್ ಡಿಐಆರ್ ಹಾಕಿದ್ರು. ರೂಲಿನಾಗ ಸಾರ್ವಜನಿಕ ಸುವ್ಯವಸ್ಥೆಗೆ ಧಕ್ಕೆ ಅಂತ ಇತ್ತು, ಆರ್ಡರಿನಾಗ ಸಾಹೇಬ್ರು ಕಾನೂನು ಸುವ್ಯವಸ್ಥೆ ಅಂತ ಬರೆದಿದ್ರು. ಊರಾಗಿನ ಸಣ್ಣ ಗಲಾಟಿಗೆಲ್ಲ ದೇಶ ರಕ್ಷಣೆಯ ಕಾನೂನು ಹಚ್ಚಾಕ ಬರಂಗಿಲ್ಲ ಅಂತ ಕೋರ್ಟು ಲೋಹಿಯಾರನ್ನ ಬಿಡ್ತು. ಗಡಿಯಾಗ ಗುಂಡು ಹಾರ್ತಿದ್ದಾಗ ದಿಲ್ಲಿಯಾಗ ಜಡ್ಜುಗಳು ಕುಂತು ಇದನ್ನ ಕೇಳಿದ್ರು, ಅದರಿಂದ ಯುದ್ಧಕ್ಕೇನೂ ತೊಂದ್ರಿ ಆಗ್ಲಿಲ್ಲ. "ಯುದ್ಧದಾಗ ಇದನ್ನೆಲ್ಲ ನೋಡ್ಕೋತ ಕೂಡಾಕ ಆಗ್ತೈತೇನು" ಅನ್ನೋರಿಗೆ ನಾನು ಈ ಎರಡು ದಿನ ತೋರಿಸ್ತೀನಿ.

ಈಗ ನನ್ನ ಕಣ್ಣ ಮುಂದಿನದ್ದೊಂದು. ಇದು ಯುದ್ಧದ್ದಲ್ಲ, ಗೂಂಡಾ ಆಕ್ಟಿಂದು, ಆದ್ರ ವಿಚಾರಣೆ ಇಲ್ದ ಒಳಗ ಇಡಾಕ ಅವಕಾಶ ಕೊಡೋ ಸಂವಿಧಾನದ 22ನೇ ವಿಧಿಯ ಅದೇ ಬಾಗಿಲಿನಿಂದಲೇ ಬರೋದು. ಸಿರುಗುಪ್ಪ ಕಡೆ ಒಂದು ಹಳ್ಳಿಯಿಂದ ಒಬ್ಬ ತಾಯಿ ನಮ್ಮ ಸೀನಿಯರ್ ಹತ್ರ ಬಂದಿತ್ತು. ಕೋರ್ಟ್ ಹೊರಗಿನ ಅಂಗಡ್ಯಾಗ ಮಂಡಕ್ಕಿ ಒಗ್ಗರಣಿ ಹೇಳಿ ಕೂರಿಸಿದೆ, ತಿನ್ನಲಿಲ್ಲ, ಸೆರಗಿನಾಗ ಸುತ್ತಿದ್ದ ಕಟ್ಟು ಬಿಚ್ಚಿ ಟೇಬಲ್ ಮ್ಯಾಲೆ ಇಟ್ಲು. ಯಾಕ ಒಳಗ ಹಾಕೀವಿ ಅಂತ ಮಗನಿಗೆ ಕೊಟ್ಟ ಕಾರಣಗಳ, ದಾಖಲೆಗಳ ಪ್ರತಿ ಅವು. ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸು, ಎಷ್ಟೋ ಹಾಳಿ ಬರೀ ಕರಿ ಮಸಿ, ಮಹಜರಿನ ಅಂಚು ಕಟ್ ಆಗಿ ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಇಲ್ಲ, ಆರ್ಡರ್ ಇಂಗ್ಲಿಷಿನಾಗ. ಹುಡುಗ ಏಳನೇ ಕ್ಲಾಸು, ಕನ್ನಡನೇ ತಡವರಿಸಿ ಓದೋನು.

"ಯಪ್ಪಾ, ಯಾವ ಜಡ್ಜ್ ಸಾಹೇಬ್ರ ಮುಂದ ನಿಲ್ಸಿದ್ರು ಇವನ್ನ?" ಅಂದ್ಲು.

"ಯಾರ ಮುಂದೂ ನಿಲ್ಸಿಲ್ಲವ್ವಾ, ಇದಕ್ಕ ಜಡ್ಜ್ ಬೇಕಾಗಿಲ್ಲ."

"ಹಂಗಾರ ಶಿಕ್ಷಿ ಎಷ್ಟು ಅಂತ ಯಾರು ಹೇಳಿದ್ರು?"

"ಇದು ಶಿಕ್ಷಿ ಅಲ್ಲವ್ವಾ. ಮುಂದ ಏನಾರ ಮಾಡ್ಯಾನು ಅಂತ ಇಟ್ಟಾರ."

ಆಕಿ ನನ್ನ ಮುಖ ನೋಡಿದ್ಲು, ಇವ ನಿಜವಾಗ್ಲೂ ವಕೀಲನೋ ಅಲ್ಲೋ ಅನ್ನೋ ಹಂಗ. ಆಮ್ಯಾಲೆ ಒಳಗ ಇಟ್ಟಿದ್ದು ಸರಿ ಐತೋ ಇಲ್ಲೋ ನೋಡಾಕ ಸಲಹಾ ಮಂಡಳಿ ಅಂತ ಒಂದಿರ್ತೈತಿ, ಬೆಂಗಳೂರಿನಾಗ ಕೂಡ್ತೈತಿ, ಅಲ್ಲಿಗೆ ವಕೀಲರು ಬರಂಗಿಲ್ಲ, ನಿನ್ನ ಮಗನೇ ಮಾತಾಡಬೇಕು ಅಂತ ಹೇಳಿದೆ. ಏಳನೇ ಕ್ಲಾಸ್ ಓದಿದ ಹುಡುಗ, ಎದುರಿಗೆ ಮೂರು ಮಂದಿ ದೊಡ್ಡೋರು, ಕೈಯಾಗ ಓದಾಕ ಬರದ ಕಟ್ಟು. ಆಕಿ ಹಂಪಿ ಎಕ್ಸ್‌ಪ್ರೆಸ್ ಜನರಲ್ ಬೋಗಿಯಾಗ ಹೋಗಿ ಹೊರಗ ಕುಂತು ಬಂದ್ಲು. ಆರ್ಡರ್ ಮುಂದ ಹೈಕೋರ್ಟಿನಾಗ ರದ್ದಾತು, ತಿಳಿಯೋ ಭಾಷೆಯಾಗ ಕಾರಣ ಕೊಟ್ಟಿಲ್ಲ ಅಂತಲೇ ರದ್ದಾತು, ಸುಪ್ರೀಂ ಕೋರ್ಟು 1962ರಾಗೇ ಹೇಳಿದ ಮಾತು ಅದು, ಆದ್ರ ಅಷ್ಟೊತ್ತಿಗೆ ಹುಡುಗ ತಿಂಗಳುಗಟ್ಟಲೆ ಒಳಗ ಕಳೆದಿದ್ದ. ಅವನೇನು ಸಂಭಾವಿತ ಅಂತ ನಾನು ಹೇಳಂಗಿಲ್ಲ, ಎರಡು ಮೂರು ಹೊಡೆದಾಟದ ಕೇಸಿದ್ವು. ಆ ಕೇಸುಗಳನ್ನ ನಡೆಸಿ ಶಿಕ್ಷೆ ಕೊಡಿಸ್ಲಿ, ಯಾರು ಬ್ಯಾಡ ಅಂದ್ರು?

ಯುದ್ಧಕ್ಕೂ ನಮ್ಮೂರಿಗೂ ಇನ್ನೊಂದು ನಂಟೈತಿ. ಮೊದಲನೇ ಮಹಾಯುದ್ಧದಾಗ ಬ್ರಿಟಿಷರು ಟರ್ಕಿ ಸೈನ್ಯದ ಕೈದಿಗಳನ್ನ ಬಳ್ಳಾರಿ ಕ್ಯಾಂಪಿನಾಗ ಇಟ್ಟಿದ್ರು. 1917ರಾಗ ರೆಡ್ ಕ್ರಾಸಿನವರು ಸ್ವಿಟ್ಜರ್ಲೆಂಡಿನಿಂದ ಬಂದು ಅಂಥಾ ಕ್ಯಾಂಪುಗಳನ್ನ ತಪಾಸಣೆ ಮಾಡಿ ರಿಪೋರ್ಟ್ ಬರೆದ್ರು. ಕೈಯಾಗ ಬಂದೂಕು ಹಿಡಿದು ಬಂದ ಶತ್ರುವಿಗೆ ಮೂರನೇಯವರು ಬಂದು ಚೆನ್ನಾಗಿದೀಯೇನಪ್ಪಾ ಅಂತ ಕೇಳೋ ಪದ್ಧತಿ ನೂರು ವರ್ಷದ ಹಿಂದೆನೇ ಇತ್ತು, ನಮ್ಮದೇ ದೇಶದ ಮನುಷ್ಯಾನ್ನ ಅನುಮಾನದ ಮ್ಯಾಲೆ ಇಟ್ಟಾಗ ಸ್ವತಂತ್ರ ಕಣ್ಣೊಂದು ಬೇಕು ಅಂದ್ರ ಮಾತ್ರ ದೇಶದ್ರೋಹ ಹೆಂಗಾಗ್ತೈತ್ರಿ?

ಈಗ ಆ 3ನೇ ಸೆಕ್ಷನ್ನಿಗೆ ಬರ್ತೀನಿ. ಎಮರ್ಜೆನ್ಸಿಯಾಗ ಪೆಟ್ಟು ತಿಂದೋರೇ ಗೆದ್ದು ಬಂದು 44ನೇ ತಿದ್ದುಪಡಿ ಮಾಡಿದ್ರು. ಅದರಾಗ ಒಳ್ಳೊಳ್ಳೆ ಕೆಲಸ ಆದ್ವು. ಬರೀ ಆಂತರಿಕ ಗಲಭೆ ಅಂತ ಹೇಳಿ ಎಮರ್ಜೆನ್ಸಿ ಹಾಕಂಗಿಲ್ಲ, ಸಶಸ್ತ್ರ ಬಂಡಾಯ ಇರಬೇಕು ಅಂತ ಮಾಡಿದ್ರು. ಯುದ್ಧದ ಎಮರ್ಜೆನ್ಸಿ ಇದ್ರೂ 20 ಮತ್ತು 21ನೇ ವಿಧಿಗೆ, ಅದರಾಗ ಜೀವ ಮತ್ತು ಸ್ವಾತಂತ್ರ್ಯದ ಹಕ್ಕೂ ಬರ್ತೈತಿ, ಕೋರ್ಟಿನ ಬಾಗಿಲು ಮುಚ್ಚಂಗಿಲ್ಲ ಅಂತ ಮಾಡಿದ್ರು. ಇವೆಲ್ಲ ಜಾರಿಗೆ ಬಂದ್ವು. 22ನೇ ವಿಧಿ ತಿದ್ದೋ 3ನೇ ಸೆಕ್ಷನ್ ಒಂದು ಬಿಟ್ಟು. ಅದು ಹೇಳೋದಿಷ್ಟು: ಈಗ ಸಲಹಾ ಮಂಡಳಿ ಒಪ್ಪಿಗೆ ಇಲ್ದ ಮೂರು ತಿಂಗಳ ತನಕ ಒಳಗ ಇಡಬಹುದು, ಅದು ಎರಡು ತಿಂಗಳಿಗೆ ಇಳೀಬೇಕು. ಈಗ ಮಂಡಳಿಗೆ ಹೈಕೋರ್ಟ್ ಜಡ್ಜ್ ಆಗಾಕ ಅರ್ಹತೆ ಇರೋ ಯಾರನ್ನ ಬೇಕಾದ್ರೂ ಸರ್ಕಾರ ಹಾಕಬಹುದು, ಅರ್ಹತೆ ಅಂದ್ರ ಹತ್ತು ವರ್ಷ ಹೈಕೋರ್ಟಿನಾಗ ಪ್ರಾಕ್ಟೀಸ್ ಮಾಡಿದ ವಕೀಲನೂ ಆಗ್ತಾನ. ತಿದ್ದುಪಡಿ ಪ್ರಕಾರ ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿ ಹೇಳಿದ ಹಂಗ ಮಂಡಳಿ ಆಗಬೇಕು, ಅಧ್ಯಕ್ಷರು ಹಾಲಿ ಜಡ್ಜೇ ಇರಬೇಕು, ಉಳಿದೋರು ಹಾಲಿ ಇಲ್ಲಾ ಮಾಜಿ ಜಡ್ಜುಗಳು. ಮತ್ತ ಮಂಡಳಿನೇ ಇಲ್ದ ಮೂರು ತಿಂಗಳಿಗಿಂತ ಹೆಚ್ಚು ಇಡಾಕ ಪಾರ್ಲಿಮೆಂಟ್ ಕಾನೂನು ಮಾಡಬಹುದು ಅನ್ನೋ ಕಂಡಿ ಮುಚ್ಚಬೇಕು. ಇದರಾಗ ಕ್ರಾಂತಿ ಏನೈತ್ರಿ? ವಕೀಲರನ್ನ ಬಿಡ್ರಿ ಅಂತನೂ ಇಲ್ಲ. ನನಗ ಕೇಳಿದ್ರ ಇದೂ ಕಡಿಮಿನೇ.

ಇಷ್ಟಕ್ಕೂ ಧೈರ್ಯ ಬರ್ಲಿಲ್ಲ. ಜನತಾ ಸರ್ಕಾರ ಬಿದ್ದು 1980ರಾಗ ಎನ್‌ಎಸ್‌ಎ ಬಂತು. ಅದರ ಬಿಸಿ ತಟ್ಟಿದ್ದು ಯಾರಿಗೆ ಗೊತ್ತೇನ್ರಿ, ನಿಮ್ಮಂಗೇ ಒಬ್ಬ ಸಂಸದರಿಗೆ, ಧನ್‌ಬಾದಿನ ಎ.ಕೆ. ರಾಯ್. ಅವರು ಸುಪ್ರೀಂ ಕೋರ್ಟಿಗೆ ಹೋಗಿ ಪಾರ್ಲಿಮೆಂಟ್ ಪಾಸ್ ಮಾಡಿದ್ದನ್ನ ಜಾರಿ ಮಾಡು ಅಂತ ಸರ್ಕಾರಕ್ಕ ಹೇಳ್ರಿ ಅಂದ್ರು. 1981ರ ಡಿಸೆಂಬರ್ 28ಕ್ಕ ತೀರ್ಪು ಬಂತು, ದಿನಾಂಕ ಗೊತ್ತು ಮಾಡೋದು ಸರ್ಕಾರದ ಕೈಯಾಗ ಬಿಟ್ಟ ವಿಷಯ, ನಾವು ಆರ್ಡರ್ ಮಾಡಾಕ ಬರಂಗಿಲ್ಲ ಅಂತ ಬಹುಮತದ ಜಡ್ಜುಗಳು ಅಂದ್ರು. ಆ ತೀರ್ಪು ಬರೆದ ವೈ.ವಿ. ಚಂದ್ರಚೂಡ್ ಅವರೇ 1976ರ ತೀರ್ಪಿನ ನಾಲ್ವರೊಳಗ ಒಬ್ಬರಾಗಿದ್ರು. 1976ರ ಆ ತೀರ್ಪನ್ನ 2017ರಾಗ ಸುಪ್ರೀಂ ಕೋರ್ಟೇ ತಪ್ಪು ಅಂತ ತೆಗೆದುಹಾಕ್ತು, ನಮ್ಮ ಕರ್ನಾಟಕದ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ ಕೇಸಿನಾಗ, ಅದನ್ನ ಬರೆದೋರು ಅದೇ ಚಂದ್ರಚೂಡ್ ಅವರ ಮಗ. ತಂದಿ ತೀರ್ಪು ಮಗ ತಿದ್ದಿದ್ದಾತು, 3ನೇ ಸೆಕ್ಷನ್ ಇನ್ನೂ ಬಾಗಿಲ ಹೊರಗೇ ನಿಂತೈತಿ.

ಕೋರ್ಟು ನಮ್ಮ ಕೈಯಾಗ ಇಲ್ಲ ಅಂದ ಮ್ಯಾಲೆ ಉಳಿದೋರು ನೀವೇ. ನೀವು ಮೂವರೂ ಈಗ ವಿರೋಧ ಪಕ್ಷದಾಗ ಅದೀರಿ, ಮಾತಾಡಾಕ ಅನುಕೂಲ ಐತಿ, ಆದ್ರ ನಿಮ್ಮ ಪಾರ್ಟಿನೇ ಅಧಿಕಾರದಾಗಿದ್ದ ಅಷ್ಟೂ ವರ್ಷ ಇದನ್ನ ಯಾಕ ಮುಟ್ಟಲಿಲ್ಲ ಅಂತ ಎದುರಿನವರು ಕೇಳೇ ಕೇಳ್ತಾರ, ಕೇಳಬೇಕು ಕೂಡ. ಆ ಕಡೆಯವರು ಪ್ರತಿ ಜೂನ್ 25ಕ್ಕ ಸಂವಿಧಾನ ಹತ್ಯಾ ದಿನ ಅಂತ ಮಾಡ್ತಾರಲ್ಲ, ಎಮರ್ಜೆನ್ಸಿ ಜೈಲು ಕಂಡ ಅವರದೇ ಹಿರಿಯರು ಇದ್ದ ಸರ್ಕಾರ ಪಾಸ್ ಮಾಡಿದ ಸೆಕ್ಷನ್ ಇದು, ಅವರನ್ನೂ ಕೇಳ್ರಿ. ಇಬ್ಬರಿಗೂ ಮುಜುಗರ ಆಗೋ ಪ್ರಶ್ನೆ ಅಂತಲೇ ಯಾರೂ ಕೇಳ್ತಿಲ್ಲ ಅಂತ ನನ್ನ ಅನುಮಾನ.

"ದೇಶ ಅಪಾಯದಾಗ ಇದ್ದಾಗ ಇದೆಲ್ಲ ಯಾಕ" ಅಂತ ನನ್ನ ಬಾರ್ ಅಸೋಸಿಯೇಷನ್ ಗೆಳೆಯರೇ ಜಗಳಕ್ಕ ಬರ್ತಾರ. ಅವರಿಗೆ ನಾನು ಹೇಳೋದು, 1999ರಾಗ ಕಾರ್ಗಿಲ್ ಯುದ್ಧ ಗೆದ್ದಿದ್ದು ಎಮರ್ಜೆನ್ಸಿ ಹಾಕದೇನೇ, 2025ರಾಗೂ ಹಾಕ್ಲಿಲ್ಲ. ಪವರ್ ಕಡಿಮಿ ಬಿದ್ದು ನಾವು ಸೋತಿದ್ದು ಎಲ್ಲೂ ಇಲ್ಲ. ಹೆಚ್ಚಾಗಿದ್ದು ತಪ್ಪು ಮಂದಿ ಮ್ಯಾಲೆ ಬಿದ್ದಿದ್ದು ಮಾತ್ರ ದೇವಳಿಯಿಂದ ಹಿಡಿದು ಬಳ್ಳಾರಿ ಜೈಲಿನ ತನಕ ದಾಖಲೆ ಐತಿ. ಮತ್ತ ಇನ್ನೊಂದು ತಿಳಕೊಳ್ರಿ, ನಾಳೆ ನಿಜವಾಗ್ಲೂ ಯುದ್ಧದ ಎಮರ್ಜೆನ್ಸಿ ಬಂದ್ರ 19ನೇ ವಿಧಿ, ಅಂದ್ರ ಮಾತಾಡೋ ಹಕ್ಕು, ಸಭೆ ಸೇರೋ ಹಕ್ಕು, ಓಡಾಡೋ ಹಕ್ಕು, ತಾನಾಗೇ ಬದಿಗೆ ಸರೀತೈತಿ. ಹೊಸ ದೇಶ ರಕ್ಷಣಾ ಕಾನೂನು ಒಂದು ದಿನದಾಗ ಪಾಸಾಗ್ತೈತಿ, 1971ರಾಗ ಆದಂಗ. ಆವತ್ತು ಕುಂತು 22ನೇ ವಿಧಿ ತಿದ್ದೋಣ ಅಂದ್ರ ಯಾರು ಕೇಳ್ತಾರ? ಮಾಡೋದಿದ್ರ ಶಾಂತಿ ಇದ್ದಾಗಲೇ ಮಾಡಬೇಕು.

ನಿಮ್ಮಿಂದ ಆಗಬೇಕಾದ್ದು ಇಷ್ಟೇ ಐತಿ. ಬರೋ ಅಧಿವೇಶನದಾಗ ಲೋಕಸಭೆಯಾಗ ಒಂದು ಲಿಖಿತ ಪ್ರಶ್ನೆ ಹಾಕ್ರಿ: 44ನೇ ತಿದ್ದುಪಡಿಯ 3ನೇ ಸೆಕ್ಷನ್ ಜಾರಿ ಮಾಡೋ ಉದ್ದೇಶ ಸರ್ಕಾರಕ್ಕ ಐತೋ ಇಲ್ಲೋ, ಇದ್ರ ಯಾವಾಗ, ಇಲ್ಲಾಂದ್ರ ಕಾರಣ ಏನು. ಅದರ ಜೊತಿಗೆ ದೇವಳಿ ಕ್ಯಾಂಪಿಗೆ ಹೋದೋರ ಹೆಸರಿನ ದಾಖಲೆ ಸಾರ್ವಜನಿಕ ಮಾಡ್ತೀರೇನು ಅಂತನೂ ಸೇರಿಸ್ರಿ, ಬದುಕಿರೋರು ಈಗ ಮುದುಕರಾಗ್ಯಾರ. ಮೂವರೂ ಒಟ್ಟಿಗೆ ಹಾಕಿದ್ರ ಇನ್ನೂ ಚಲೋ, ಇಲ್ಲಾಂದ್ರ ಒಬ್ಬರಾದ್ರೂ ಹಾಕ್ರಿ. ಉತ್ತರ ಇಂಗ್ಲಿಷಿನಾಗೋ ಹಿಂದಿಯಾಗೋ ಬರ್ತೈತಿ, ಅದನ್ನ ಕನ್ನಡ ಮಾಡಿಸಿ ನಿಮ್ಮ ಪೇಜಿನಾಗ ಹಾಕ್ರಿ. ಕನ್ನಡ ಮಾಡೋರು ಸಿಗ್ಲಿಲ್ಲ ಅಂದ್ರ ನನಗ ಕಳಿಸ್ರಿ, ನಾನು ಪುಕ್ಕಟೆ ಮಾಡಿಕೊಡ್ತೀನಿ.

ಇಂತಿ ನಿಮ್ಮ ಮತದಾರ,
ಬಳ್ಳಾರಿಯ ಒಬ್ಬ ವಕೀಲ